ಊಟಕ್ಕೂ ಮಗು ಆಗೋದಕ್ಕೂ ಏನು ಸಂಬಂಧ?

ಟೆಸ್ಟ್ ಎಲ್ಲಾ ಮುಗಿಸಿ ರಿಪೋರ್ಟ್ ತಿರುವಿ ಹಾಕಿ ಡಾಕ್ಟರು ಕೊನೆಗೆ ಒಂದು ಮಾತು ಹೇಳ್ತಾರೆ, "ಊಟ ತಿಂಡಿ ಕಡೆ ಸ್ವಲ್ಪ ಗಮನ ಕೊಡಿ, ತೂಕ ನೋಡ್ಕೊಳಿ" ಅಂತ. ಅಷ್ಟೇ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯ್ತಾ ಇರ್ತಾರೆ, ಬಿಡಿಸಿ ಹೇಳೋಕೆ ಅವರಿಗೂ ಪುರುಸೊತ್ತಿರಲ್ಲ. ಸರಿ ಅಂತ ಮನೆಗೆ ಬಂದು ಫೋನ್ ತೆಗೆದ್ರೆ ಒಬ್ರು ಇದನ್ನ ತಿಂದ್ರೆ ಮೂರೇ ತಿಂಗಳಲ್ಲಿ ಗುಡ್ ನ್ಯೂಸ್ ಅಂತಾರೆ, ಇನ್ನೊಬ್ರು ಅದನ್ನ ಮುಟ್ಟಲೇಬೇಡಿ ಅಂತಾರೆ, ಮೂರನೆಯವರು ಪೌಡರ್ ಡಬ್ಬ ಹಿಡ್ಕೊಂಡು ನಿಂತಿರ್ತಾರೆ. ಗಮನ ಕೊಡಿ ಅಂದ್ರೆ ಯಾವುದಕ್ಕೆ ಕೊಡೋದು, ಯಾಕೆ ಕೊಡೋದು, ತಟ್ಟೆಯಲ್ಲಿರೋ ಅನ್ನಕ್ಕೂ ಹೊಟ್ಟೆಯೊಳಗಿನ ಅಂಡಾಶಯಕ್ಕೂ ಎಲ್ಲಿಂದೆಲ್ಲಿಗೆ ನಂಟು ಅನ್ನೋದನ್ನ ಬುಡದಿಂದ ನೋಡ್ಕೊಂಡು ಬರೋಣ.

ಯಾವಾಗ "ತೊಂದರೆ ಇದೆ" ಅಂತಾರೆ?

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ, ಗರ್ಭ ತಡೆಯೋ ಯಾವ ಕ್ರಮನೂ ಇಲ್ಲದೆ 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಕಾಲ ರೆಗ್ಯುಲರ್ ಆಗಿ ಸೇರಿದ್ರೂ ಗರ್ಭ ನಿಲ್ಲಲಿಲ್ಲ ಅಂದ್ರೆ ಅದು ಇನ್‌ಫರ್ಟಿಲಿಟಿ. ಎರಡು ತಿಂಗಳು ಆಗಿಲ್ಲ ಅಂತ ಗಾಬರಿ ಬೀಳೋರಿಗೆ ಒಂದು ಲೆಕ್ಕ: ಇಬ್ಬರೂ ಆರೋಗ್ಯವಾಗಿದ್ದು ವಯಸ್ಸೂ ಚಿಕ್ಕದಿದ್ರೂ ಒಂದು ತಿಂಗಳಲ್ಲಿ ಗರ್ಭ ನಿಲ್ಲೋ ಚಾನ್ಸ್ ನೂರಕ್ಕೆ 20-25 ಮಾತ್ರ. ಇದೇ ಸಂಸ್ಥೆ 2023ರಲ್ಲಿ ಕೊಟ್ಟ ರಿಪೋರ್ಟ್ ಪ್ರಕಾರ ಜಗತ್ತಿನಲ್ಲಿ ಹೆಚ್ಚುಕಮ್ಮಿ ಆರು ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಯಾವಾಗಲಾದ್ರೂ ಈ ಸಮಸ್ಯೆ ಬಂದಿರತ್ತೆ.

ನಮ್ಮ ಭಾಷೆಯಲ್ಲಿ ಇದಕ್ಕಿರೋ ಪದ "ಬಂಜೆತನ", ಆ ಪದದಲ್ಲೇ ಬರೀ ಹೆಣ್ಣಿನ ಕಡೆ ಬೆರಳು ತೋರಿಸಿದ ಹಾಗಿದೆ ನೋಡಿ. ನಿಜಕ್ಕೆ ಸುಮಾರು ಅರ್ಧದಷ್ಟು ಕೇಸುಗಳಲ್ಲಿ ಗಂಡಸಿನ ಕಡೆಯ ಕಾರಣನೂ ಸೇರಿರತ್ತೆ, ಕೆಲವು ಸಲ ಅದೊಂದೇ ಇರತ್ತೆ. ಹಾಗಾಗಿ ಮುಂದೆ ಓದೋದೆಲ್ಲ ಇಬ್ಬರಿಗೂ.

ಮೆದುಳು ಮೊದಲು ದಿನಸಿ ಡಬ್ಬ ನೋಡತ್ತೆ

ಮನೇಲಿ ಅಕ್ಕಿ ಬೇಳೆ ಖಾಲಿಯಾಗಿರೋವಾಗ ಯಾರಾದ್ರೂ ನೆಂಟರನ್ನ ಊಟಕ್ಕೆ ಕರೀತಾರಾ? ದೇಹನೂ ಹಾಗೇ ಯೋಚನೆ ಮಾಡತ್ತೆ. ಒಂದು ಮಗೂನ ಒಂಬತ್ತು ತಿಂಗಳು ಹೊಟ್ಟೇಲಿ ಬೆಳೆಸಿ ಆಮೇಲೆ ಹಾಲು ಕುಡಿಸೋದು ಭಾರೀ ಖರ್ಚಿನ ಕೆಲಸ, ಕೈಯಲ್ಲಿ ದಾಸ್ತಾನಿಲ್ಲದೆ ದೇಹ ಅದಕ್ಕೆ ಕೈ ಹಾಕಲ್ಲ.

ಈ ಲೆಕ್ಕ ಇಡೋದು ಮೆದುಳಿನ ಬುಡದಲ್ಲಿರೋ ಹೈಪೋಥಲಾಮಸ್ ಅನ್ನೋ ಪುಟ್ಟ ಜಾಗ. ಅದು ಗಂಟೆ ಎರಡು ಗಂಟೆಗೊಮ್ಮೆ ಪಿಟ್ಯುಟರಿ ಗ್ರಂಥಿಗೆ ಒಂದು ಸಿಗ್ನಲ್ ಬಡೀತಾ ಇರತ್ತೆ, ಪಿಟ್ಯುಟರಿ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನೋ ಎರಡು ಹಾರ್ಮೋನನ್ನ ರಕ್ತಕ್ಕೆ ಬಿಡತ್ತೆ, ಅವು ಹೋಗಿ ಹೆಂಗಸರಲ್ಲಿ ಅಂಡಾಶಯಕ್ಕೆ "ಅಂಡಾಣು ರೆಡಿ ಮಾಡು" ಅಂತಲೂ ಗಂಡಸರಲ್ಲಿ ವೃಷಣಕ್ಕೆ "ವೀರ್ಯಾಣು ಮಾಡು" ಅಂತಲೂ ಹೇಳ್ತವೆ. ಎಫ್‌ಎಸ್‌ಎಚ್, ಎಲ್‌ಎಚ್ ಅಂತ ಬ್ಲಡ್ ರಿಪೋರ್ಟ್‌ನಲ್ಲಿ ಬರೆದಿರ್ತಾರಲ್ಲ, ಇವೇ ಅವು. ಗಂಡು ಹೆಣ್ಣು ಇಬ್ಬರಿಗೂ ಮೇಲಿನ ಆಫೀಸ್ ಒಂದೇ, ಕೆಳಗಿನ ಕಾರ್ಖಾನೆ ಮಾತ್ರ ಬೇರೆ.

ಮನೇಲಿ ದಾಸ್ತಾನು ಎಷ್ಟಿದೆ ಅಂತ ಹೈಪೋಥಲಾಮಸ್‌ಗೆ ಹೇಗೆ ಗೊತ್ತಾಗತ್ತೆ? ಕೊಬ್ಬಿನ ಕೋಶಗಳೇ ಚೀಟಿ ಕಳಿಸ್ತವೆ. ಆ ಚೀಟಿ ಹೆಸರು ಲೆಪ್ಟಿನ್, 1994ರಲ್ಲಿ ಕಂಡುಹಿಡಿದ ಹಾರ್ಮೋನು. ಕೊಬ್ಬು ತೀರಾ ಕಮ್ಮಿ ಆದ್ರೆ ಲೆಪ್ಟಿನ್ ಇಳಿಯತ್ತೆ, ಸಿಗ್ನಲ್ ನಿಧಾನ ಆಗತ್ತೆ, ಅಂಡಾಣು ಬಿಡುಗಡೆ ತಪ್ಪತ್ತೆ, ಪೀರಿಯಡ್ಸ್ ಹಿಂದೆಮುಂದೆ ಆಗಿ ಕೊನೆಗೆ ನಿಂತೇ ಹೋಗಬಹುದು. ಓಟಗಾರ್ತಿಯರಲ್ಲಿ, ಡ್ಯಾನ್ಸರ್‌ಗಳಲ್ಲಿ, ಮದುವೆಗೆ ಮುಂಚೆ ತೆಳ್ಳಗಾಗಬೇಕು ಅಂತ ಊಟ ಬಿಟ್ಟವರಲ್ಲಿ ಆಗೋದು ಇದೇ. ತೂಕ ನಾರ್ಮಲ್ ಇದ್ರೂ ಆಗಬಹುದು, ಯಾಕಂದ್ರೆ ಡಬ್ಬದಲ್ಲಿ ಎಷ್ಟಿದೆ ಅನ್ನೋದರ ಜೊತೆಗೆ ದಿನಾ ಬರೋದೆಷ್ಟು ಖರ್ಚಾಗೋದೆಷ್ಟು ಅನ್ನೋದನ್ನೂ ಮೆದುಳು ನೋಡ್ತಾ ಇರತ್ತೆ.

ಇದು ಊಹೆ ಮಾತಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲ, ನೆದರ್ಲೆಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಬರೋದು ನಿಂತು ಜನಕ್ಕೆ ದಿನಕ್ಕೆ ಸಾವಿರ ಕ್ಯಾಲರಿಗಿಂತ ಕಮ್ಮಿ ರೇಷನ್ ಸಿಗ್ತಿತ್ತು. ಅರ್ಧದಷ್ಟು ಹೆಂಗಸರಿಗೆ ಮುಟ್ಟು ನಿಂತುಹೋಯ್ತು, ಒಂಬತ್ತು ತಿಂಗಳಾದ ಮೇಲೆ ಹುಟ್ಟಿದ ಮಕ್ಕಳ ಸಂಖ್ಯೆನೂ ಹತ್ತಿರ ಹತ್ತಿರ ಅರ್ಧಕ್ಕೆ ಇಳೀತು. ಯುದ್ಧ ಮುಗಿದು ಊಟ ಸಿಕ್ಕಿದ ಮೇಲೆ ಮತ್ತೆ ಏರಿತು. ಗಂಡಸರ ಕಥೆಗೆ ಅದೇ ಹೊತ್ತಿಗೆ ಅಮೆರಿಕದ ಮಿನೆಸೋಟ ಯೂನಿವರ್ಸಿಟಿಯಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಮಾಡಿದ ಪ್ರಯೋಗ ನೋಡಿ. 36 ಜನ ಆರೋಗ್ಯವಂತ ಯುವಕರು ತಾವಾಗೇ ಒಪ್ಕೊಂಡು ಆರು ತಿಂಗಳು ಅರೆಹೊಟ್ಟೆ ಉಂಡರು, ದಿನಕ್ಕೆ 1,600 ಕ್ಯಾಲರಿ ಆಸುಪಾಸು. ತೂಕ ಕಾಲು ಭಾಗ ಇಳೀತು, ಜೊತೆಗೆ ಹೆಣ್ಣಿನ ಮೇಲಿನ ಆಸೆನೇ ಹೋಯ್ತು, ತಲೇಲಿ ಇಪ್ಪತ್ತನಾಲ್ಕು ಗಂಟೆ ಊಟದ ಯೋಚನೆ ಬಿಟ್ರೆ ಬೇರೇನಿಲ್ಲ. ಇವತ್ತು ಒಂದೇ ತಿಂಗಳಲ್ಲಿ ಹತ್ತು ಕೇಜಿ ಇಳಿಸ್ತೀವಿ ಅಂತ ಬರೋ ಡಯಟ್ ಚಾರ್ಟ್‌ಗಳಲ್ಲಿ ಎಷ್ಟೋ ಇದಕ್ಕಿಂತ ಕಮ್ಮಿ ಕ್ಯಾಲರಿಯವೇ ಇರ್ತವೆ ಅನ್ನೋದನ್ನ ಸುಮ್ನೆ ನೆನಪಲ್ಲಿಟ್ಕೊಳಿ.

ಡಬ್ಬ ತುಂಬಿ ತುಳುಕಿದ್ರೂ ಕಷ್ಟನೇ

ಹಾಗಾದ್ರೆ ಕೊಬ್ಬು ಜಾಸ್ತಿ ಇದ್ದಷ್ಟೂ ಒಳ್ಳೇದಾ ಅಂದ್ರೆ ಅದೂ ಅಲ್ಲ, ಇಲ್ಲಿ ಇನ್ಸುಲಿನ್ ಬರತ್ತೆ. ನಾವು ತಿಂದ ಅನ್ನ, ಬ್ರೆಡ್ಡು, ಸಿಹಿ ಎಲ್ಲಾ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದನ್ನ ಜೀವಕೋಶದೊಳಗೆ ಬಿಡಿಸೋಕೆ ಇನ್ಸುಲಿನ್ ಬಾಗಿಲು ತಟ್ಟತ್ತೆ. ಹೊಟ್ಟೆ ಸುತ್ತ ಕೊಬ್ಬು ಜಾಸ್ತಿ ಆದ್ರೆ, ಮೈಗೆ ಓಡಾಟ ಇಲ್ಲದೇ ಹೋದ್ರೆ, ಬಾಗಿಲು ಬೇಗ ತೆಗೆಯಲ್ಲ, ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯತ್ತೆ. ಇದನ್ನೇ ಇನ್ಸುಲಿನ್ ರೆಸಿಸ್ಟೆನ್ಸ್ ಅನ್ನೋದು.

ತಮಾಷೆ ಏನಂದ್ರೆ ಸ್ನಾಯು, ಲಿವರ್ ಎಲ್ಲಾ ಇನ್ಸುಲಿನ್ ಮಾತಿಗೆ ಕಿವುಡಾದ್ರೂ ಅಂಡಾಶಯಕ್ಕೆ ಮಾತ್ರ ಕಿವಿ ಚೆನ್ನಾಗೇ ಕೇಳ್ತಿರತ್ತೆ. ಆ ಅತಿಯಾದ ಇನ್ಸುಲಿನ್ ಕೇಳಿಸ್ಕೊಂಡು ಅಂಡಾಶಯ ಗಂಡು ಹಾರ್ಮೋನನ್ನ ಬೇಕಾದ್ದಕ್ಕಿಂತ ಜಾಸ್ತಿ ಮಾಡತ್ತೆ, ಅಂಡಾಣುಗಳು ಅರ್ಧ ಬೆಳೆದು ಅಲ್ಲೇ ನಿಂತ್ಕೊಳ್ತವೆ, ಹೊರಗೆ ಬರಲ್ಲ. ಸ್ಕ್ಯಾನ್‌ನಲ್ಲಿ ಸಣ್ಣ ಸಣ್ಣ ಗುಳ್ಳೆ ತರ ಕಾಣೋದು ಅವೇ. ಇದೇ ಪಿಸಿಓಎಸ್‌ನ, ಅಂದ್ರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್‌ನ ಮುಖ್ಯ ಕಥೆ. ಮಕ್ಕಳಾಗೋ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 6ರಿಂದ 13 ಜನಕ್ಕೆ ಇದು ಇರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ತೆಳ್ಳಗಿರೋರಿಗೂ ಬರತ್ತೆ, ದಪ್ಪ ಇರೋರಿಗೆಲ್ಲ ಬರಲೇಬೇಕು ಅಂತನೂ ಇಲ್ಲ.

ತೂಕ ಜಾಸ್ತಿ ಇರೋರಿಗೆ ಒಳ್ಳೆ ಸುದ್ದಿ ಏನಂದ್ರೆ ಪೂರ್ತಿ ತೆಳ್ಳಗಾಗೋದೇನೂ ಬೇಕಾಗಿಲ್ಲ. ಇರೋ ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದ್ರೇ ಎಷ್ಟೋ ಜನಕ್ಕೆ ಪೀರಿಯಡ್ಸ್ ಸರಿಯಾಗತ್ತೆ, ಅಂಡಾಣು ಬಿಡುಗಡೆ ಶುರುವಾಗತ್ತೆ. 80 ಕೇಜಿ ಇದ್ದವರಿಗೆ ಅದು ನಾಲ್ಕರಿಂದ ಎಂಟು ಕೇಜಿ. ಸಕ್ಕರೆ ಹಾಕಿದ ಪಾನೀಯ, ಮೈದಾ ತಿಂಡಿ ಕಡಿಮೆ ಮಾಡಿ ಕಾಳು, ತರಕಾರಿ, ಹೊಟ್ಟು ತೆಗೆಯದ ಧಾನ್ಯ ಜಾಸ್ತಿ ಮಾಡಿ ಅನ್ನೋ ಸಲಹೆ ಹಿಂದಿರೋ ಲಾಜಿಕ್ ಇಷ್ಟೇ, ಅವು ನಿಧಾನ ಜೀರ್ಣ ಆಗ್ತವೆ, ಸಕ್ಕರೆ ಒಂದೇ ಸಲ ರಕ್ತಕ್ಕೆ ನುಗ್ಗಲ್ಲ, ಇನ್ಸುಲಿನ್ ಅಷ್ಟೊಂದು ಬೇಕಾಗಲ್ಲ.

ಗಂಡಸರಿಗೆ ಬೇರೆ ದಾರಿಯಲ್ಲಿ ಹೊಡೆತ. ಕೊಬ್ಬಿನಲ್ಲಿ ಅರೋಮಟೇಸ್ ಅನ್ನೋ ಒಂದು ಕಿಣ್ವ ಇದೆ, ಅದರ ಕೆಲಸ ಟೆಸ್ಟೋಸ್ಟೆರಾನ್‌ನ ಈಸ್ಟ್ರೋಜನ್ ಮಾಡೋದು. ಹೊಟ್ಟೆ ಬೆಳೆದಷ್ಟೂ ಈ ಕಿಣ್ವ ಜಾಸ್ತಿ, ಈಸ್ಟ್ರೋಜನ್ ಜಾಸ್ತಿ, ಅದನ್ನ ನೋಡಿ ಮೇಲಿನ ಆಫೀಸ್ "ಹಾರ್ಮೋನ್ ಸಾಕಷ್ಟಿದೆ" ಅಂದ್ಕೊಂಡು ಸಿಗ್ನಲ್ ಕಮ್ಮಿ ಮಾಡತ್ತೆ. ಜೊತೆಗೆ ತೊಡೆ ಸಂದಿಯಲ್ಲಿ ಕೊಬ್ಬು ತುಂಬಿದ್ರೆ ವೃಷಣಕ್ಕೆ ಕಾವು, ಅದು ದೇಹದ ಉಳಿದ ಭಾಗಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ರೇನೇ ಕೆಲಸ ಸರಿ ಮಾಡೋದು.

ಮೂರು ತಿಂಗಳ ಲೆಕ್ಕ ಎಲ್ಲಿಂದ ಬಂತು?

"ಮೂರು ತಿಂಗಳು ಬಿಟ್ಟು ಬನ್ನಿ, ಮತ್ತೆ ಟೆಸ್ಟ್ ಮಾಡೋಣ" ಅಂತಾರಲ್ಲ, ಅದು ಸುಮ್ನೆ ಹೇಳೋದಲ್ಲ. ಒಂದು ವೀರ್ಯಾಣು ಬೀಜಕೋಶದಿಂದ ಶುರುವಾಗಿ ತಲೆ ಬಾಲ ಮೂಡಿ ತಯಾರಾಗೋಕೆ ಎರಡು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಬೇಕು, ಆಮೇಲೆ ಈಜೋಕೆ ಕಲಿಯೋ ನಾಳದಲ್ಲಿ ಒಂದೆರಡು ವಾರ. ಒಟ್ಟು ಹೆಚ್ಚುಕಮ್ಮಿ ಮೂರು ತಿಂಗಳು. ಇವತ್ತಿನ ರಿಪೋರ್ಟ್ ಅಂದ್ರೆ ಮೂರು ತಿಂಗಳ ಹಿಂದಿನ ಊಟ, ನಿದ್ದೆ, ಜ್ವರ, ಕುಡಿತದ ರಿಪೋರ್ಟ್. ಹೋದ ವಾರ ಶುರು ಮಾಡಿದ ಡಯಟ್ ಈ ವಾರದ ಟೆಸ್ಟಲ್ಲಿ ಕಾಣಲ್ಲ.

ಹೆಣ್ಣಿನ ಲೆಕ್ಕ ಬೇರೆ. ಅಂಡಾಣು ಹೊಸದಾಗಿ ತಯಾರಾಗಲ್ಲ, ಹುಟ್ಟುವಾಗಲೇ ಹತ್ತರಿಂದ ಇಪ್ಪತ್ತು ಲಕ್ಷ ಇಟ್ಕೊಂಡೇ ಹುಟ್ಟಿರ್ತಾರೆ, ಅಲ್ಲಿಂದ ಕಮ್ಮಿ ಆಗ್ತಾ ಹೋಗೋದಷ್ಟೇ. ಯಾವ ಊಟನೂ ಆ ಸಂಖ್ಯೆ ಏರಿಸಲ್ಲ, ಏರಿಸತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರು ಏನೋ ಮಾರೋಕೆ ಬಂದಿದಾರೆ ಅಂತ ತಿಳ್ಕೊಳಿ. ಆದ್ರೆ ನಿದ್ದೆಯಲ್ಲಿದ್ದ ಅಂಡಾಣು ಎದ್ದು ಕೊನೆಯ ಹಂತದ ಬೆಳವಣಿಗೆ ಮುಗಿಸೋಕೆ ಇಲ್ಲೂ ಸುಮಾರು ಮೂರು ತಿಂಗಳೇ ಹಿಡಿಯತ್ತೆ, ಆ ಹೊತ್ತಿನಲ್ಲಿ ಸುತ್ತಲಿನ ರಕ್ತದಲ್ಲಿ ಏನಿದೆ ಅನ್ನೋದು ಅದಕ್ಕೆ ತಾಗತ್ತೆ.

ವೀರ್ಯಾಣು ಮತ್ತು ಕಮಟು ಎಣ್ಣೆ

ತುಂಬಾ ದಿನ ತೆರೆದಿಟ್ಟ ಎಣ್ಣೆ ಕಮಟು ವಾಸನೆ ಬರತ್ತಲ್ಲ, ಗಾಳಿಯ ಆಮ್ಲಜನಕ ಎಣ್ಣೆಯ ಕೊಬ್ಬನ್ನ ಕೆಡಿಸಿರತ್ತೆ. ವೀರ್ಯಾಣುವಿಗೂ ಅದೇ ಭಯ. ಅದರ ಹೊರಪದರ, ಅದರಲ್ಲೂ ಬಾಲ, ಒಮೆಗಾ-3 ತರದ ಮೆತ್ತನೆ ಕೊಬ್ಬಿನಿಂದ ಆಗಿರತ್ತೆ, ಬಳುಕಿ ಈಜಬೇಕಲ್ಲ ಅದಕ್ಕೆ. ಆದ್ರೆ ಮೆತ್ತನೆ ಕೊಬ್ಬೇ ಬೇಗ ಕಮಟೋದು. ಬೇರೆ ಜೀವಕೋಶಗಳು ತಮ್ಮೊಳಗೆ ರಿಪೇರಿ ಸಾಮಾನು ಇಟ್ಕೊಂಡಿರ್ತವೆ, ವೀರ್ಯಾಣು ಪಾಪ ಲಗೇಜ್ ಎಲ್ಲಾ ಬಿಸಾಕಿ ತಲೆ ಬಾಲ ಮಾತ್ರ ಇಟ್ಕೊಂಡು ಓಡೋದು. ಸಿಗರೇಟು, ಕುಡಿತ, ಬೊಜ್ಜು, ಸೋಂಕು ಇವೆಲ್ಲ ಈ ಕೆಡಿಸೋ ಕಣಗಳನ್ನ ಜಾಸ್ತಿ ಮಾಡ್ತವೆ, ಆಗ ಈಜೋದು ಕುಂಠಿತ ಆಗತ್ತೆ, ಒಳಗಿರೋ ಡಿಎನ್‌ಎ ಕೂಡ ತುಂಡಾಗಬಹುದು.

ಇದನ್ನ ತಡೆಯೋ ಆಂಟಿಆಕ್ಸಿಡೆಂಟ್‌ಗಳು ಹಣ್ಣು, ತರಕಾರಿ, ಬೀಜಗಳಲ್ಲಿ ಇರ್ತವೆ. 2012ರಲ್ಲಿ ಅಮೆರಿಕದಲ್ಲಿ 117 ಯುವಕರ ಮೇಲೆ ಒಂದು ಪ್ರಯೋಗ ಆಯ್ತು, ಅರ್ಧ ಜನಕ್ಕೆ ದಿನಾ 75 ಗ್ರಾಂ ಆಕ್ರೋಟು, ಇನ್ನರ್ಧಕ್ಕೆ ಬೀಜಗಳನ್ನೇ ತಿನ್ನಬೇಡಿ ಅಂತ. 12 ವಾರ ಆದ ಮೇಲೆ ಆಕ್ರೋಟು ತಿಂದವರ ವೀರ್ಯಾಣುಗಳ ಚುರುಕು, ಆಕಾರ ಸುಧಾರಿಸಿತ್ತು. ಸ್ಪೇನ್‌ನಲ್ಲಿ ಬಾದಾಮಿ, ಹೇಜಲ್‌ನಟ್, ಆಕ್ರೋಟು ಮೂರೂ ಸೇರಿಸಿ ದಿನಕ್ಕೆ 60 ಗ್ರಾಂ ಕೊಟ್ಟು 14 ವಾರ ನೋಡಿದಾಗಲೂ ಹಾಗೇ. ಆದ್ರೆ ಇವರೆಲ್ಲ ಮೊದಲೇ ಆರೋಗ್ಯವಾಗಿದ್ದ ಹುಡುಗರು, ಮಕ್ಕಳಾಗದೆ ಒದ್ದಾಡ್ತಿದ್ದವರಲ್ಲ, ಮಕ್ಕಳು ಜಾಸ್ತಿ ಹುಟ್ಟಿದ್ವಾ ಅಂತನೂ ನೋಡಿಲ್ಲ. ಈ ವ್ಯತ್ಯಾಸ ಯಾವ ವಿಡಿಯೋದಲ್ಲೂ ಹೇಳಲ್ಲ.

ಹಾಗಾದ್ರೆ ಇದೇ ಸತ್ವಗಳನ್ನ ಮಾತ್ರೆ ಮಾಡಿ ನುಂಗಿದ್ರೆ? ಇಲ್ಲೇ ಎಲ್ಲರೂ ಎಡವೋದು. ಸತುವಿನ, ಅಂದ್ರೆ ಜಿಂಕ್‌ನ ಕಥೆ ತಗೊಳಿ. 1960ರ ಆಸುಪಾಸಿನಲ್ಲಿ ಇರಾನ್‌ನಲ್ಲಿ ಕೆಲಸ ಮಾಡ್ತಿದ್ದ ಆನಂದ ಪ್ರಸಾದ್ ಅನ್ನೋ ಡಾಕ್ಟರ್ ಹತ್ರ ಇಪ್ಪತ್ತು ವರ್ಷ ಆದ್ರೂ ಹತ್ತು ವರ್ಷದ ಹುಡುಗರ ತರ ಕಾಣೋ, ಜನನಾಂಗ ಬೆಳೆಯದ ಯುವಕರು ಬರ್ತಿದ್ರು. ಅವರ ಊಟ ಹೆಚ್ಚಾಗಿ ಹುದುಗು ಬರಿಸದ ಗೋಧಿ ರೊಟ್ಟಿ, ಮಾಂಸ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಧಾನ್ಯದಲ್ಲಿರೋ ಫೈಟೇಟ್ ಅನ್ನೋ ಪದಾರ್ಥ ಜಿಂಕ್‌ನ ಕಟ್ಟಿಹಾಕಿ ಮೈಗೆ ಹತ್ತದ ಹಾಗೆ ಮಾಡ್ತಿತ್ತು. ಮನುಷ್ಯರಿಗೂ ಜಿಂಕ್ ಕೊರತೆ ಆಗತ್ತೆ ಅಂತ ಲೋಕಕ್ಕೆ ಗೊತ್ತಾಗಿದ್ದೇ ಈ ಕೆಲಸದಿಂದ, ಜಿಂಕ್ ಕೊಟ್ಟಾಗ ಅಂಥವರು ಬೆಳೆದರು, ಪ್ರಾಯಕ್ಕೂ ಬಂದರು. ಕಾಳನ್ನ ನೆನೆಸಿ, ಮೊಳಕೆ ಬರಿಸಿ, ಹಿಟ್ಟು ಹುದುಗಿಸಿದ್ರೆ ಈ ಫೈಟೇಟ್ ಕಮ್ಮಿ ಆಗತ್ತೆ, ಅದಕ್ಕೇ ಅಡುಗೆಯ ಆ ಹಳೇ ಕ್ರಮಗಳಿಗೆ ಬೆಲೆ.

ಸರಿ, ಕೊರತೆ ಇದ್ದೋರಿಗೆ ಕೊಟ್ರೆ ಪವಾಡ ಆಯ್ತು, ಎಲ್ಲರಿಗೂ ಕೊಟ್ರೆ? 2020ರಲ್ಲಿ ಅಮೆರಿಕದ ದೊಡ್ಡ ಪ್ರಯೋಗ ಒಂದರ ಉತ್ತರ ಬಂತು. ಚಿಕಿತ್ಸೆಗೆ ಬಂದಿದ್ದ 2,370 ದಂಪತಿಗಳು, ಅರ್ಧದಷ್ಟು ಗಂಡಸರಿಗೆ ಆರು ತಿಂಗಳು ದಿನಾ 30 ಮಿಲಿಗ್ರಾಂ ಜಿಂಕ್, 5 ಮಿಲಿಗ್ರಾಂ ಫೋಲಿಕ್ ಆಸಿಡ್, ಇನ್ನರ್ಧಕ್ಕೆ ಏನೂ ಇಲ್ಲದ ಡಮ್ಮಿ ಮಾತ್ರೆ. ಹುಟ್ಟಿದ ಮಕ್ಕಳ ಲೆಕ್ಕದಲ್ಲಿ ವ್ಯತ್ಯಾಸನೇ ಇಲ್ಲ, ಮಾತ್ರೆ ತಿಂದವರಿಗೆ ಹೊಟ್ಟೆ ತೊಳಸೋದು ಜಾಸ್ತಿ ಆಯ್ತು. ಅದೇ ವರ್ಷ ಬಂದ ಇನ್ನೊಂದು ಪ್ರಯೋಗದಲ್ಲಿ 171 ದಂಪತಿಗಳ ಪೈಕಿ ಒಂದಷ್ಟು ಗಂಡಸರಿಗೆ ವಿಟಮಿನ್ ಸಿ, ಇ, ಸೆಲೆನಿಯಂ ಎಲ್ಲಾ ಸೇರಿದ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟು ನೋಡಿದ್ರೂ ವೀರ್ಯ ಸುಧಾರಿಸಲಿಲ್ಲ. ತೂತು ಬಿದ್ದ ಬಕೆಟ್‌ಗೆ ತೇಪೆ ಹಾಕಿದ್ರೆ ನೀರು ನಿಲ್ಲತ್ತೆ ನಿಜ, ತೂತೇ ಇಲ್ಲದ ಬಕೆಟ್‌ಗೆ ಹತ್ತು ತೇಪೆ ಹಾಕಿದ್ರೆ ನೀರೇನು ಜಾಸ್ತಿ ಹಿಡಿಯಲ್ಲವಲ್ಲ.

ಹೆಂಗಸರ ಕಡೆ: ಹದಿನೇಳು ಸಾವಿರ ನರ್ಸ್‌ಗಳು ಹೇಳಿದ್ದು

ಅಮೆರಿಕದಲ್ಲಿ ನರ್ಸ್‌ಗಳ ಆರೋಗ್ಯವನ್ನ ವರ್ಷಗಟ್ಟಲೆ ಬರೆದಿಡೋ ಒಂದು ದೊಡ್ಡ ಅಧ್ಯಯನ ಇದೆ. ಅದರಲ್ಲಿ ಮಗು ಬೇಕು ಅಂತ ಪ್ರಯತ್ನ ಮಾಡ್ತಿದ್ದ ಸುಮಾರು 17,500 ಹೆಂಗಸರನ್ನ ಎಂಟು ವರ್ಷ ಗಮನಿಸಿ ಹಾರ್ವರ್ಡ್‌ನ ತಂಡ 2007ರಲ್ಲಿ ಫಲಿತಾಂಶ ಕೊಟ್ಟಿತು. ಅಂಡಾಣು ಬಿಡುಗಡೆ ಸರಿಯಾಗದೇ ಇರೋ ಸಮಸ್ಯೆ ಯಾರಿಗೆ ಕಮ್ಮಿ ಇತ್ತು ಅಂದ್ರೆ, ಪ್ರೋಟೀನನ್ನ ಮಾಂಸಕ್ಕಿಂತ ಕಾಳು ಬೇಳೆಗಳಿಂದ ಜಾಸ್ತಿ ತಗೊಳ್ತಿದ್ದವರಿಗೆ, ನಿಧಾನ ಜೀರ್ಣ ಆಗೋ ಧಾನ್ಯ ತಿನ್ನೋರಿಗೆ, ಗಿಡಮೂಲದ ಕಬ್ಬಿಣಾಂಶ ಮತ್ತು ಮಲ್ಟಿವಿಟಮಿನ್ ತಗೊಳ್ತಿದ್ದವರಿಗೆ, ಕೆನೆ ತೆಗೆಯದ ಹಾಲು ಕುಡೀತಿದ್ದವರಿಗೆ. ಎಲ್ಲಕ್ಕಿಂತ ಎದ್ದು ಕಂಡ ವಿಲನ್ ಟ್ರಾನ್ಸ್ ಫ್ಯಾಟ್, ಅಂದ್ರೆ ದ್ರವ ಎಣ್ಣೆಯನ್ನ ಗಟ್ಟಿ ಮಾಡೋವಾಗ ಹುಟ್ಟೋ ಕೊಬ್ಬು, ಹಳೇ ಕಾಲದ ವನಸ್ಪತಿ, ಬೇಕರಿ ತಿಂಡಿ, ಕರಿದ ಪ್ಯಾಕೆಟ್‌ಗಳಲ್ಲಿ ಇರೋದು. ಒಳ್ಳೆ ಎಣ್ಣೆಯ ಬದಲು ದಿನದ ಕ್ಯಾಲರಿಯ ಬರೀ 2 ಪರ್ಸೆಂಟ್ ಇದರಿಂದ ಬಂದ್ರೂ, ಅಂದ್ರೆ ನಾಲ್ಕು ಗ್ರಾಂ ಚಿಲ್ಲರೆ, ಆ ಸಮಸ್ಯೆಯ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ.

ಒಂದು ಎಚ್ಚರಿಕೆ ಮಾತು. ಇದು ಗಮನಿಸಿ ಬರೆದಿದ್ದು, ಪ್ರಯೋಗ ಮಾಡಿದ್ದಲ್ಲ. ಕಾಳು ಸೊಪ್ಪು ತಿನ್ನೋರು ವಾಕಿಂಗೂ ಹೋಗ್ತಾರೆ, ಸಿಗರೇಟೂ ಸೇದಲ್ಲ, ಯಾವುದರಿಂದ ಏನಾಯ್ತು ಅಂತ ಪೂರ್ತಿ ಬೇರ್ಪಡಿಸೋದು ಕಷ್ಟ, ಲೆಕ್ಕದಲ್ಲಿ ಎಷ್ಟು ಸರಿದೂಗಿಸಿದ್ರೂ. ಗರ್ಭನಾಳ ಬ್ಲಾಕ್ ಆಗಿರೋರಿಗೆ ಈ ಫಲಿತಾಂಶ ಅನ್ವಯಿಸೋದೂ ಇಲ್ಲ.

ಅನುಮಾನಕ್ಕೆ ಜಾಗ ಇಲ್ಲದ ವಿಷಯ ಅಂದ್ರೆ ಫೋಲಿಕ್ ಆಸಿಡ್. ಹೆಸರು ಬಂದಿದ್ದು ಎಲೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ, 1941ರಲ್ಲಿ ಪಾಲಕ್ ಸೊಪ್ಪಿನಿಂದ ತೆಗೆದಿದ್ದು. ಮಗುವಿನ ಮೆದುಳು, ಬೆನ್ನುಹುರಿ ಆಗೋ ನಾಳ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಂಡಾಗಿರತ್ತೆ, ಆ ಹೊತ್ತಿಗೆ ಎಷ್ಟೋ ಜನಕ್ಕೆ ತಾನು ಗರ್ಭಿಣಿ ಅಂತನೇ ಗೊತ್ತಿರಲ್ಲ. ಹಿಂದಿನ ಮಗುವಿಗೆ ಈ ದೋಷ ಆಗಿದ್ದ ತಾಯಂದಿರಿಗೆ ಮೊದಲೇ ಫೋಲಿಕ್ ಆಸಿಡ್ ಕೊಟ್ಟಾಗ ದೋಷ 72 ಪರ್ಸೆಂಟ್ ಕಮ್ಮಿ ಆಯ್ತು ಅಂತ 1991ರ ಬ್ರಿಟಿಷ್ ಪ್ರಯೋಗ ತೋರಿಸಿತು. ಅದಕ್ಕೇ ಪ್ರಯತ್ನ ಶುರು ಮಾಡೋ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ತಗೊಳಿ ಅನ್ನೋದು. ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆ ಇರೋರಿಗೆ ಡೋಸ್ ಬೇರೆ ಇರಬಹುದು, ಡಾಕ್ಟರನ್ನೇ ಕೇಳಿ.

ಜೊತೆಗೆ ಅಯೋಡಿನ್, ಅದಿಲ್ಲದೆ ಥೈರಾಯ್ಡ್ ಓಡಲ್ಲ, ಥೈರಾಯ್ಡ್ ತಪ್ಪಿದ್ರೆ ಮುಟ್ಟಿನ ತಾಳ ತಪ್ಪತ್ತೆ. ಹಾಲು, ಮೊಟ್ಟೆ, ಮೀನು, ಮಾಂಸ ಎಲ್ಲಾ ಬಿಟ್ಟವರಿಗೆ ಬಿ12 ಬೇರೆಯಾಗೇ ಬೇಕು, ಗಿಡಗಳಲ್ಲಿ ಅದು ಸಿಗಲ್ಲ.

ಚಿಲ್ಲರೆ ಪ್ರಶ್ನೆಗಳು, ಒಂದು ಬಿಟ್ಟು

ಕಾಫಿ: ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗೆ, ಅಂದ್ರೆ ಒಂದೆರಡು ಕಪ್, ಇದ್ರೆ ತಲೆಬಿಸಿ ಬೇಡ. ಸೋಯಾ ತಿಂದ್ರೆ ಗಂಡಸುತನ ಹೋಗತ್ತೆ ಅನ್ನೋದು ಸುಳ್ಳು, ಟೆಸ್ಟೋಸ್ಟೆರಾನ್ ಇಳಿಯಲ್ಲ ಅಂತ ಹಲವು ಪ್ರಯೋಗ ಒಟ್ಟುಮಾಡಿ ನೋಡಿದ್ದಾರೆ. ಮೀನು ಒಳ್ಳೇದು, ಆದ್ರೆ ಶಾರ್ಕ್‌ನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಸೇರಿರತ್ತೆ, ಚಿಕ್ಕ ಮೀನು ವಾಸಿ. ಲಿವರ್ ಮತ್ತು ವಿಟಮಿನ್ ಎ ಮಾತ್ರೆ ಅತಿಯಾದ್ರೆ ಹೊಟ್ಟೆಯಲ್ಲಿರೋ ಮಗುವಿಗೆ ಅಪಾಯ, ಕ್ಯಾರೆಟ್‌ನಿಂದ ಆ ಭಯ ಇಲ್ಲ.

ಚಿಲ್ಲರೆ ಅಲ್ಲದ ಪ್ರಶ್ನೆ ಜಿಮ್‌ದು. ಪ್ರೋಟೀನ್ ಪೌಡರ್ ಬೇರೆ, ಇಂಜೆಕ್ಷನ್ ಬೇರೆ. ಮೈ ಕಟ್ಟೋಕೆ ಅಂತ ಹೊರಗಿನಿಂದ ಟೆಸ್ಟೋಸ್ಟೆರಾನ್ ಅಥವಾ ಸ್ಟೀರಾಯ್ಡ್ ತಗೊಂಡ್ರೆ ಮೇಲಿನ ಆಫೀಸ್ ರಕ್ತದಲ್ಲಿ ಅದನ್ನ ನೋಡಿ ಸಿಗ್ನಲ್ ಪೂರ್ತಿ ನಿಲ್ಲಿಸತ್ತೆ, ಕಾರ್ಖಾನೆ ಬಾಗಿಲು ಹಾಕತ್ತೆ, ವೀರ್ಯಾಣು ಸೊನ್ನೆಗೆ ಬರಬಹುದು. ಎಷ್ಟು ಪಕ್ಕಾ ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷೆ ಮಾಡಿತ್ತು! ನೋಡೋಕೆ ಭರ್ಜರಿ ಗಂಡಸು, ರಿಪೋರ್ಟ್‌ನಲ್ಲಿ ಸೊನ್ನೆ. ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ವಾಪಸ್ ಬರತ್ತೆ, ಆದ್ರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಹಿಡಿಯತ್ತೆ.

ಊಟದಿಂದ ಆಗದೇ ಇರೋದು

ಮುಚ್ಚಿಹೋದ ಗರ್ಭನಾಳ ಸೊಪ್ಪು ತಿಂದ್ರೆ ತೆರೆಯಲ್ಲ. ವೀರ್ಯ ಬರೋ ದಾರಿ ಬ್ಲಾಕ್ ಆಗಿದ್ರೆ, ಕ್ರೋಮೋಸೋಮ್ ತೊಂದರೆ ಇದ್ರೆ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ಕಾಯಿಲೆ) ಮುಂದುವರಿದಿದ್ರೆ ಆಕ್ರೋಟಿನ ಕೈಲಿ ಏನೂ ಆಗಲ್ಲ. ವಯಸ್ಸನ್ನ ಹಿಂದಕ್ಕೆ ತಿರುಗಿಸೋ ಊಟನೂ ಇಲ್ಲ, 35 ದಾಟಿದ ಮೇಲೆ ಅಂಡಾಣುಗಳ ಸಂಖ್ಯೆ, ಗುಣ ಎರಡೂ ಬೇಗ ಬೇಗ ಇಳೀತವೆ.

ಅದಕ್ಕೇ ಹೆಂಡತಿಗೆ 35 ದಾಟಿದ್ರೆ ವರ್ಷ ಕಾಯ್ಬೇಡಿ, ಆರು ತಿಂಗಳಿಗೇ ಡಾಕ್ಟರ ಹತ್ರ ಹೋಗಿ, ಪೀರಿಯಡ್ಸ್ ಬರ್ತಾನೇ ಇಲ್ಲ ಅಂದ್ರೆ ಅಷ್ಟೂ ಬೇಡ, ಈಗಲೇ. "ಮೊದಲು ಡಯಟ್ ಮಾಡಿ ನೋಡೋಣ, ಆಮೇಲೆ ಟೆಸ್ಟ್" ಅಂತ ಕೂತು ಕಾಲ ಕಳೆದವರು ತುಂಬಾ ಜನ, ಎರಡೂ ಒಟ್ಟಿಗೆ ನಡೀಲಿ. ಇಬ್ಬರೂ ಹೋಗಿ, ಗಂಡನ ವೀರ್ಯ ಪರೀಕ್ಷೆ ಮೊದಲೇ ಮಾಡಿಸಿ, ಇಡೀ ಪಟ್ಟಿಯಲ್ಲಿ ಅತಿ ಸುಲಭದ ಟೆಸ್ಟ್ ಅದು, ನೋವಿಲ್ಲ ಸೂಜಿ ಇಲ್ಲ. ಹೋಗೋವಾಗ ಇಬ್ಬರೂ ತಗೊಳ್ತಿರೋ ಪೌಡರ್, ಮಾತ್ರೆ, ಕಷಾಯ, ಜಿಮ್ ಟ್ರೈನರ್ ಕೊಟ್ಟಿದ್ದು ಎಲ್ಲದರ ಹೆಸರನ್ನೂ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ.